ಮಕ್ಕಳ ಐಸಿಯುನಲ್ಲಿ ಔಷಧಿಗೆ ಬಗ್ಗದ ಇನ್ಫೆಕ್ಷನ್: ಅಪ್ಪ ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಮಕ್ಕಳ ಐಸಿಯುನಲ್ಲಿ ನರ್ಸು. ಡಾಕ್ಟ್ರು ರೌಂಡ್ಸ್ ಮುಗಿಸಿ ಬಂದು ಅಪ್ಪ ಅಮ್ಮನ ಹತ್ರ ಐದು ನಿಮಿಷ ಮಾತಾಡ್ತಾರೆ, ಅಷ್ಟೂ ಹೊತ್ತು ಇವ್ರು ಹೂಂ ಹೂಂ ಅಂತ ತಲೆ ಆಡಿಸ್ತಾರೆ, ಡಾಕ್ಟ್ರು ಆ ಕಡೆ ತಿರುಗಿದ್ದೇ ತಡ ನಮ್ಮ ಹತ್ರ ಬಂದು "ಸಿಸ್ಟರ್, ಈಗ ಅವ್ರು ಹೇಳಿದ್ದು ಏನು?" ಅಂತ ಕೇಳ್ತಾರೆ. ಹಾಗೆ ಕೇಳಿಸ್ಕೊಂಡ ಪ್ರಶ್ನೆಗಳೇ ಇವು. ನಿಮ್ಮ ಮಗುವಿಗೆ ಯಾವ ಔಷಧಿ, ಎಷ್ಟು ಡೋಸು ಅನ್ನೋದು ಇಲ್ಲಿ ಸಿಗಲ್ಲ, ಅದನ್ನ ನಿಮ್ಮ ಡಾಕ್ಟ್ರೇ ಹೇಳಬೇಕು. ಆದ್ರೆ ಅವ್ರು ಹೇಳಿದ್ದು ಅರ್ಥ ಆಗೋಕೆ, ಮತ್ತೆ ಅವ್ರನ್ನ ಏನು ಕೇಳಬೇಕು ಅನ್ನೋಕೆ ಇದು ಸಾಕು ಅನ್ಕೋತೀನಿ.

ನ್ಯುಮೋನಿಯಾ ಅಂತ ಸೇರಿಸಿದ್ವಿ, ಈಗ ರಕ್ತದಲ್ಲಿ ಬೇರೆ ಇನ್ಫೆಕ್ಷನ್ ಅಂತಿದಾರೆ. ಇದು ಆಸ್ಪತ್ರೇಲೇ ಬಂದಿದ್ದಾ?

ಹೆಚ್ಚಾಗಿ ಹೌದು. ಅಡ್ಮಿಟ್ ಆದಾಗ ಇಲ್ದೇ ಇದ್ದದ್ದು, ಒಳಗೊಳಗೇ ಬೆಳೀತಾನೂ ಇಲ್ದೇ ಇದ್ದದ್ದು, 48 ಗಂಟೆ ಕಳೆದ ಮೇಲೆ ಕಾಣಿಸ್ಕೊಂಡ್ರೆ ಅದನ್ನ ಆಸ್ಪತ್ರೆಯಲ್ಲಿ ಬಂದ ಇನ್ಫೆಕ್ಷನ್ ಅಂತ ಲೆಕ್ಕ ಹಿಡೀತಾರೆ. ಈ 48 ಗಂಟೆ ಅನ್ನೋದು ಕಲ್ಲಲ್ಲಿ ಕೆತ್ತಿದ ಗೆರೆ ಏನಲ್ಲ, ಎಣಿಕೆಗೆ ಒಂದು ಗೆರೆ ಬೇಕಲ್ಲ ಅಂತ ಹಾಕಿರೋದು. ಬೇರೆ ಆಸ್ಪತ್ರೇಲಿ ಹತ್ತು ದಿನ ಇದ್ದು ನಮ್ಮ ಹತ್ರ ಬಂದ ಮಗುವಿಗೆ ಮೊದಲನೇ ದಿನವೇ ಅಲ್ಲಿನ ಕ್ರಿಮಿ ಸಿಗಬಹುದು, ಅದಕ್ಕೇ ಬಂದ ತಕ್ಷಣ "ಮುಂಚೆ ಎಲ್ಲಿದ್ರಿ, ಎಷ್ಟು ದಿನ, ಏನೇನು ಇಂಜೆಕ್ಷನ್ ಕೊಟ್ರು" ಅಂತ ಪೀಡಿಸೋದು.

ಅಂದ್ರೆ ಆಸ್ಪತ್ರೆ ಕ್ಲೀನ್ ಇಲ್ಲ ಅಂತ ತಾನೇ?

ಸಿಟ್ಟು ಬರೋದು ಸಹಜ, ನನಗೂ ಬರತ್ತೆ. ಕೆಲವು ಸಲ ಆಸ್ಪತ್ರೆಯದ್ದೇ ತಪ್ಪು ಇರತ್ತೆ, ಅದನ್ನ ಮುಚ್ಚಿಡೋಕೆ ನಾನು ಇಲ್ಲಿ ಬರೀತಿಲ್ಲ. ಆದ್ರೆ ನೆಲ ಫಳಫಳ ಅಂದ್ರೆ ಇನ್ಫೆಕ್ಷನ್ ಬರಲ್ಲ ಅನ್ನೋದು ಮಾತ್ರ ನಿಜ ಅಲ್ಲ. ಎಷ್ಟೋ ಸಲ ಕ್ರಿಮಿ ಬರೋದು ಮಗುವಿನ ಮೈಯಿಂದಲೇ. ನಮ್ಮೆಲ್ಲರ ಕರುಳಲ್ಲಿ, ಚರ್ಮದ ಮೇಲೆ, ಬಾಯಲ್ಲಿ ಕೋಟಿಗಟ್ಟಲೆ ಬ್ಯಾಕ್ಟೀರಿಯಾ ಇರ್ತವೆ, ತಮ್ಮ ಪಾಡಿಗೆ ಇರ್ತವೆ. ಮಗು ಸೀರಿಯಸ್ ಆಗಿ ನಾಲ್ಕು ದಿನ ದೊಡ್ಡ ಆಂಟಿಬಯೋಟಿಕ್ ಹೋದಾಗ ಅಲ್ಲಿದ್ದ ಸಾಧು ಬ್ಯಾಕ್ಟೀರಿಯಾಗಳು ಸಾಯ್ತವೆ, ಜಾಗ ಖಾಲಿ ಆಗತ್ತೆ, ಆ ಔಷಧಿಗೆ ಜಗ್ಗದವು ಅಲ್ಲಿ ಬಂದು ಕೂರ್ತವೆ.

ಹೊರಗಿಂದ ಬರೋದಕ್ಕೆ ಮುಖ್ಯ ದಾರಿ ಕೈ. ನಮ್ಮ ಕೈ, ಡಾಕ್ಟ್ರ ಕೈ, ಎಕ್ಸ್‌ರೇ ತೆಗೆಯೋಕೆ ಬರೋರ ಕೈ, ನಿಮ್ಮ ಕೈ. ಒಂದು ಮಗುವಿನ ಡಯಾಪರ್ ಬದಲಾಯಿಸಿ ಪಕ್ಕದ ಬೆಡ್ಡಿನ ಮಾನಿಟರ್ ಅಲಾರಂ ಹೊಡೀತು ಅಂತ ಓಡಿಹೋಗಿ ಬಟನ್ ಒತ್ತಿದ್ರೆ ಆಯ್ತು, ಕೆಲಸ ಕೆಟ್ಟಿತು. ಅಸಿನೆಟೊಬ್ಯಾಕ್ಟರ್ ಅಂತ ಒಂದಿದೆ, ಅದು ಒಣಗಿದ ಬೆಡ್ ರೈಲ್ ಮೇಲೆ ವಾರಗಟ್ಟಲೆ ಜೀವ ಹಿಡ್ಕೊಂಡು ಕೂತಿರತ್ತೆ. ಸೂಡೊಮೊನಾಸ್‌ಗೆ ನೀರಂದ್ರೆ ಪ್ರಾಣ, ಸಿಂಕಿನ ತೂಬಲ್ಲಿ ಸಂಸಾರ ಹೂಡತ್ತೆ, ನಲ್ಲಿ ಜೋರಾಗಿ ಬಿಟ್ರೆ ಹನಿ ಸಿಡಿದು ಪಕ್ಕದ ಟ್ರೇ ಮೇಲೆ ಬೀಳತ್ತೆ. ಅದಕ್ಕೇ ಸಿಂಕಿನ ಕಟ್ಟೆ ಮೇಲೆ ಹಾಲಿನ ಬಾಟಲಿ ಇಡಬೇಡಿ ಅಂತ ನಾನು ದಿನಾ ಬಾಯಿ ಬಡ್ಕೊಳ್ಳೋದು.

ವಾರ್ಡಲ್ಲಿರೋ ಮಕ್ಕಳಿಗಿಂತ ಐಸಿಯು ಮಕ್ಕಳಿಗೇ ಯಾಕೆ ಹೀಗಾಗತ್ತೆ?

ಚರ್ಮ ಅನ್ನೋದು ಕೋಟೆ ಗೋಡೆ ಅನ್ಕೊಳ್ಳಿ. ಐಸಿಯುನಲ್ಲಿ ಮಗುನ ಉಳಿಸಬೇಕಂದ್ರೆ ನಾವೇ ಆ ಗೋಡೆಗೆ ತೂತು ಕೊರೀಬೇಕು. ಕುತ್ತಿಗೆಯಲ್ಲೋ ತೊಡೆಯಲ್ಲೋ ಸೆಂಟ್ರಲ್ ಲೈನ್ ಅನ್ನೋ ತೆಳು ಟ್ಯೂಬ್ ಹಾಕ್ತೀವಿ, ಅದರ ತುದಿ ಹೃದಯದ ಹತ್ರದ ದೊಡ್ಡ ರಕ್ತನಾಳದಲ್ಲಿರತ್ತೆ. ಉಸಿರಿಗೆ ಗಂಟಲಿಗೆ ಟ್ಯೂಬು, ಮೂತ್ರಕ್ಕೆ ಕ್ಯಾಥೆಟರ್, ಮೂಗಿಂದ ಹೊಟ್ಟೆಗೆ ಇನ್ನೊಂದು. ಒಂದೊಂದೂ ಬಾಗಿಲು. ಗಂಟಲಲ್ಲಿ ಟ್ಯೂಬ್ ಇದ್ರೆ ಮಗು ಕೆಮ್ಮೋಕಾಗಲ್ಲ, ಬಾಯಿಯ ಜೊಲ್ಲು ಟ್ಯೂಬಿನ ಪಕ್ಕದಿಂದ ಜಿನುಗಿ ಶ್ವಾಸಕೋಶಕ್ಕೆ ಇಳಿಯತ್ತೆ. ಇದಕ್ಕೆ ನಾವು ಮಾತಾಡೋವಾಗ ಕ್ಲ್ಯಾಬ್ಸಿ, ವ್ಯಾಪ್ ಅಂತೆಲ್ಲ ಅಂತೀವಿ, ಕ್ಲ್ಯಾಬ್ಸಿ ಅಂದ್ರೆ ಸೆಂಟ್ರಲ್ ಲೈನಿಂದ ರಕ್ತಕ್ಕೆ ಹೋದ ಇನ್ಫೆಕ್ಷನ್, ವ್ಯಾಪ್ ಅಂದ್ರೆ ವೆಂಟಿಲೇಟರಲ್ಲಿ ಇದ್ದಾಗ ಬಂದ ನ್ಯುಮೋನಿಯಾ. ನೀವು ಹೊರಗೆ ಕೂತಿದ್ದಾಗ ಈ ಪದ ಕಿವಿಗೆ ಬಿದ್ರೆ ಗಾಬರಿ ಬೇಡ, ಏನಂತ ಕೇಳಿ.

ಇದರ ಮೇಲೆ ಬಯೋಫಿಲ್ಮ್ ಅಂತ ಒಂದು ಕಾಟ. ಪ್ಲಾಸ್ಟಿಕ್ ಟ್ಯೂಬಿನ ಒಳಮೈಗೆ ಬ್ಯಾಕ್ಟೀರಿಯಾ ಅಂಟ್ಕೊಂಡು ಮೇಲೊಂದು ಲೋಳೆ ಹೊದ್ದುಕೊಳ್ತವೆ, ನೀರಿನ ಡ್ರಮ್ಮಿನ ಒಳಗೆ ಪಾಚಿ ಹಿಡಿದಂಗೆ, ಆ ಲೋಳೆ ಒಳಗೆ ಔಷಧಿ ಸರಿಯಾಗಿ ಇಳಿಯಲ್ಲ. ಅದಕ್ಕೇ ಕೆಲವು ಸಲ ಎಷ್ಟು ಆಂಟಿಬಯೋಟಿಕ್ ಕೊಟ್ರೂ ಜ್ವರ ಇಳಿಯಲ್ಲ, ಲೈನ್ ಕಿತ್ತು ಬೇರೆ ಜಾಗದಲ್ಲಿ ಹಾಕಿದ ಮೇಲೆ ಇಳಿಯತ್ತೆ.

ವಯಸ್ಸಿನದ್ದೂ ಒಂದಿದೆ. ತಿಂಗಳು ತುಂಬದೆ ಹುಟ್ಟಿದ ಕೂಸಿನ ಚರ್ಮ ಕಾಗದದಷ್ಟು ತೆಳು, ಅಮ್ಮನಿಂದ ಬರೋ ರಕ್ಷಣೆ ಬಹುಪಾಲು ಬರೋದು ಕೊನೆಯ ತಿಂಗಳುಗಳಲ್ಲಿ, ಆ ರಕ್ಷಣೆ ಈ ಕೂಸಿಗೆ ಪೂರ್ತಿ ಸಿಕ್ಕಿರಲ್ಲ. ಕ್ಯಾನ್ಸರ್ ಔಷಧಿ ತಗೊಳ್ತಿರೋ ಮಕ್ಕಳು, ಹೃದಯದ ಆಪರೇಷನ್ ಆದವು, ತೀರಾ ಸೊರಗಿದವು, ಇವಕ್ಕೂ ರಿಸ್ಕ್ ಜಾಸ್ತಿ.

ರೆಸಿಸ್ಟೆನ್ಸ್ ಬಂದಿದೆ ಅಂದ್ರೆ ನಮ್ಮ ಮಗುವಿನ ಮೈ ಔಷಧಿಗೆ ಒಗ್ಗಿಹೋಗಿದೆ ಅಂತಾನಾ?

ಅಲ್ಲ, ಅಲ್ಲ, ಅಲ್ಲ. ಈ ತಪ್ಪು ತಿಳುವಳಿಕೆ ಎಷ್ಟು ಆಳಕ್ಕೆ ಇಳಿದಿದೆ ಅಂದ್ರೆ ಓದಿದೋರೂ ಹಾಗೇ ಅನ್ಕೊಂಡಿರ್ತಾರೆ. ಒಗ್ಗಿರೋದು ಬ್ಯಾಕ್ಟೀರಿಯಾ, ಮಗು ಅಲ್ಲ. ಅದೇ ಔಷಧಿ ಇದೇ ಮಗುವಿಗೆ ನಾಳೆ ಬೇರೆ ಬ್ಯಾಕ್ಟೀರಿಯಾ ಬಂದ್ರೆ ಚೆನ್ನಾಗೇ ಕೆಲಸ ಮಾಡತ್ತೆ.

ಬ್ಯಾಕ್ಟೀರಿಯಾಗಳ ಹತ್ರ ನಾಲ್ಕೈದು ಉಪಾಯ ಇವೆ. ಔಷಧಿನ ತುಂಡು ಮಾಡೋ ಕಿಣ್ವ ತಯಾರಿಸ್ತವೆ, ಒಳಗೆ ಬಂದ ಔಷಧಿನ ಪಂಪ್ ಮಾಡಿ ಹೊರಗೆ ಎಸೀತವೆ, ಒಳಗೆ ಬರೋ ಕಿಂಡಿನೇ ಮುಚ್ಚಿಬಿಡ್ತವೆ, ಇಲ್ಲಾ ಔಷಧಿ ಹೋಗಿ ಹಿಡ್ಕೋಬೇಕಾದ ಜಾಗದ ಆಕಾರನೇ ಬದಲಾಯಿಸ್ತವೆ. ಇದಕ್ಕಿಂತ ಕೆಟ್ಟದ್ದೇನಂದ್ರೆ ಈ ವಿದ್ಯೆನ ಹಂಚಿಕೊಳ್ತವೆ. ಪ್ಲಾಸ್ಮಿಡ್ ಅಂತ ಚಿಕ್ಕ ಡಿಎನ್ಎ ಉಂಗುರ ಇರತ್ತೆ, ಅದರಲ್ಲಿ ಮೂರ್ನಾಲ್ಕು ಔಷಧಿ ಎದುರಿಸೋ ಜೀನ್ ಒಟ್ಟಿಗೇ ಕೂತಿರಬಹುದು, ಅದನ್ನ ಒಂದು ಜಾತಿಯ ಬ್ಯಾಕ್ಟೀರಿಯಾ ಇನ್ನೊಂದು ಜಾತಿಗೂ ದಾಟಿಸಿಬಿಡತ್ತೆ. ಅನುಕೂಲದ ಜಾಗ ಸಿಕ್ಕರೆ ಇ. ಕೋಲೈ ಸುಮಾರು 20 ನಿಮಿಷಕ್ಕೆ ಒಂದು ಎರಡಾಗತ್ತೆ, ಅಂದ ಮೇಲೆ ಒಂದೇ ರಾತ್ರಿ ಸಾಕು.

ಇದು ಇವತ್ತಿನ ಕಥೆ ಅಲ್ಲ. ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲಿ ನೊಬೆಲ್ ತಗೊಳ್ಳೋವಾಗಲೇ, ಕಮ್ಮಿ ಡೋಸ್ ಕೊಟ್ಟು ಕ್ರಿಮಿನ ಸಾಯಿಸದೆ ಬಿಟ್ರೆ ಅವು ಔಷಧಿಗೆ ಬಗ್ಗದ ಹಾಗೆ ಆಗ್ತವೆ ಅಂತ ಎಚ್ಚರಿಸಿದ್ರು. ಮೆಥಿಸಿಲಿನ್ ಅನ್ನೋ ಆಂಟಿಬಯೋಟಿಕ್ ಬಳಕೆಗೆ ಬಂದು ಎರಡು ವರ್ಷ ಆಗೋದ್ರೊಳಗೆ, 1961ರಲ್ಲಿ, ಅದಕ್ಕೆ ಜಗ್ಗದ ಸ್ಟ್ಯಾಫಿಲೋಕಾಕಸ್ ಅನ್ನೋ ಬ್ಯಾಕ್ಟೀರಿಯಾ ವರದಿ ಆಯ್ತು, ಅದೇ ಈಗ ಎಲ್ಲರೂ ಹೇಳೋ ಎಮ್‌ಆರ್‌ಎಸ್‌ಎ.

ನಾವು ಮನೇಲಿ ಶೀತಕ್ಕೆಲ್ಲ ಆಂಟಿಬಯೋಟಿಕ್ ಕೊಟ್ಟಿದ್ವಿ, ಅದಕ್ಕೇ ಹೀಗಾಯ್ತಾ?

ಈ ಪ್ರಶ್ನೆ ಸಾಮಾನ್ಯವಾಗಿ ರಾತ್ರಿ ಎರಡು ಗಂಟೆಗೆ, ಅಮ್ಮ ಒಬ್ಬರೇ ಇದ್ದಾಗ ಬರತ್ತೆ. ನಾನು ಹೇಳೋದು ಇಷ್ಟೇ, ನೀವು ಕೊಟ್ಟ ಒಂದು ಬಾಟಲಿ ಸಿರಪ್‌ನಿಂದ ಐಸಿಯುನ ಈ ಕ್ರಿಮಿ ಹುಟ್ಟಿಲ್ಲ. ಮುಂಚೆ ತಗೊಂಡ ಆಂಟಿಬಯೋಟಿಕ್ ಒಂದು ರಿಸ್ಕ್ ಅನ್ನೋದು ನಿಜ, ಆದ್ರೆ ಐಸಿಯುನಲ್ಲಿ ಎಷ್ಟು ದಿನ ಇದೆ, ಎಷ್ಟು ಟ್ಯೂಬ್ ಇದೆ, ಇಲ್ಲಿ ಏನೇನು ಔಷಧಿ ಹೋಗಿದೆ, ಅಕ್ಕಪಕ್ಕದ ಬೆಡ್ಡಲ್ಲಿ ಯಾವ ಕ್ರಿಮಿ ಇದೆ ಅನ್ನೋದೂ ಇದರಲ್ಲಿ ಸೇರ್ಕೊಂಡಿರತ್ತೆ. ಶೀತ ವೈರಸ್‌ನಿಂದ ಬರೋದು, ಅದಕ್ಕೆ ಆಂಟಿಬಯೋಟಿಕ್ ಕೆಲಸ ಮಾಡಲ್ಲ, ಮುಂದೆ ಕೊಡಬೇಡಿ. ಹಿಂದಿನದ್ದಕ್ಕೆ ಈಗ ಎದೆ ಬಡ್ಕೋಬೇಡಿ.

ರಿಪೋರ್ಟಲ್ಲಿ ಉದ್ದುದ್ದ ಹೆಸರು ಇದೆ, ಯಾವುದು ಕೆಟ್ಟದ್ದು?

ಕ್ಲೆಬ್ಸಿಯೆಲ್ಲಾ, ಇ. ಕೋಲೈ, ಎಂಟರೊಬ್ಯಾಕ್ಟರ್ ಇವು ಕರುಳಿನ ಗುಂಪಿನವು. ಅಸಿನೆಟೊಬ್ಯಾಕ್ಟರ್, ಸೂಡೊಮೊನಾಸ್ ಪರಿಸರದಲ್ಲಿ, ನೀರಲ್ಲಿ, ಉಪಕರಣದ ಮೇಲೆ ಇರೋವು. ಸ್ಟ್ಯಾಫಿಲೋಕಾಕಸ್ ಚರ್ಮದ್ದು. ಹೆಸರಿಗಿಂತ ಅದರ ಪಕ್ಕ ಏನು ಬರ್ದಿದಾರೆ ನೋಡಿ. "ಕಾರ್ಬಪೆನೆಮ್ ರೆಸಿಸ್ಟೆಂಟ್" ಅಂತಿದ್ರೆ ಅದು ಸೀರಿಯಸ್, ಯಾಕಂದ್ರೆ ಮೆರೊಪೆನೆಮ್ ತರದ ಕಾರ್ಬಪೆನೆಮ್‌ಗಳು ನಮ್ಮ ದೊಡ್ಡ ಅಸ್ತ್ರ, ಅವೂ ಹೋದ್ರೆ ಉಳಿಯೋ ಔಷಧಿ ಬೆರಳೆಣಿಕೆ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಮಾಡಿ 2024ರಲ್ಲಿ ತಿದ್ದಿದ ಪಟ್ಟೀಲಿ, ಕಾರ್ಬಪೆನೆಮ್‌ಗೆ ಬಗ್ಗದ ಅಸಿನೆಟೊಬ್ಯಾಕ್ಟರ್ ಮತ್ತೆ ಕ್ಲೆಬ್ಸಿಯೆಲ್ಲಾ ಬಳಗ ಎರಡೂ ಅತಿ ಗಂಭೀರ ಅನ್ನೋ ಮೇಲಿನ ಸಾಲಲ್ಲೇ ಇವೆ.

ಫಂಗಸ್ಸೂ ಬರತ್ತೆ. ತುಂಬಾ ದಿನ ಆಂಟಿಬಯೋಟಿಕ್, ಲೈನಿನಲ್ಲಿ ಪೌಷ್ಟಿಕ ದ್ರವ ಹೋಗ್ತಿರೋ ಮಕ್ಕಳಿಗೆ ಕ್ಯಾಂಡಿಡಾ ಅನ್ನೋ ಫಂಗಸ್ ರಕ್ತಕ್ಕೆ ಇಳಿಯಬಹುದು. 2009ರಲ್ಲಿ ಜಪಾನಿನಲ್ಲಿ ಒಬ್ಬರ ಕಿವಿಯಿಂದ ಮೊದಲ ಸಲ ಗುರುತಿಸಿದ ಕ್ಯಾಂಡಿಡಾ ಆರಿಸ್ ಅಂತೂ ಹಲವು ಆಂಟಿಫಂಗಲ್‌ಗೆ ಬಗ್ಗಲ್ಲ, ಮೇಲ್ಮೈಗಳ ಮೇಲೂ ಉಳಿಯತ್ತೆ.

ಕಲ್ಚರ್ ರಿಪೋರ್ಟಿಗೆ ಯಾಕೆ ಎರಡು ಮೂರು ದಿನ? ಅಷ್ಟರಲ್ಲಿ ಮಗುವಿಗೆ ಏನಾದ್ರೂ ಆದ್ರೆ?

ಕಲ್ಚರ್ ಅಂದ್ರೆ ರಕ್ತನ ಬಾಟಲಿಗೆ ಹಾಕಿ ಅದರಲ್ಲಿ ಕ್ರಿಮಿ ಬೆಳೆಯೋವರೆಗೂ ಕಾಯೋದು, ಬೆಳೆದ ಮೇಲೆ ಅದು ಯಾವುದು ಅಂತ ಹಿಡಿಯೋದು, ಆಮೇಲೆ ಒಂದೊಂದು ಔಷಧಿ ಎದುರಿಗಿಟ್ಟು ಯಾವುದಕ್ಕೆ ಸಾಯತ್ತೆ ಅಂತ ನೋಡೋದು. ಬೆಳೆಯೋಕೆ ಸಾಧಾರಣ ಒಂದೆರಡು ದಿನ, ಟೆಸ್ಟಿಗೆ ಇನ್ನೊಂದೆರಡು ದಿನ. ಮಾಲ್ಡಿ-ಟಾಫ್, ಪಿಸಿಆರ್ ಅನ್ನೋ ಬೇಗ ಆಗೋ ಟೆಸ್ಟುಗಳು ಇರೋ ಕಡೆ ಹೆಸರು ಬೇಗ ಗೊತ್ತಾಗತ್ತೆ, ಕೆಲವು ರೆಸಿಸ್ಟೆನ್ಸ್ ಜೀನ್‌ಗಳೂ ಗಂಟೆಗಳಲ್ಲಿ ಸಿಗ್ತವೆ.

ಅಲ್ಲೀವರೆಗೂ ಸುಮ್ನೆ ಕೂರಲ್ಲ. ಸೆಪ್ಸಿಸ್, ಅಂದ್ರೆ ಇನ್ಫೆಕ್ಷನ್‌ನಿಂದ ಅಂಗಗಳಿಗೇ ಪೆಟ್ಟಾಗೋ ಸ್ಥಿತಿ, ಇದರ ಅನುಮಾನ ಬಂದ ತಕ್ಷಣ ರಕ್ತ ತೆಗೆದು, ಆ ಐಸಿಯುನಲ್ಲಿ ಇತ್ತೀಚೆಗೆ ಯಾವ ಕ್ರಿಮಿ ಓಡಾಡ್ತಿದೆ ಅನ್ನೋ ಲೆಕ್ಕದ ಮೇಲೆ ಔಷಧಿ ಶುರು ಮಾಡ್ತಾರೆ. ಸೆಪ್ಟಿಕ್ ಶಾಕ್ ಆಗಿದ್ರೆ, ಅಂದ್ರೆ ಅದರಿಂದ ರಕ್ತ ಸಂಚಾರವೇ ಕುಸಿದಿದ್ರೆ, ಒಂದು ಗಂಟೆ ಒಳಗೆ ಮೊದಲ ಡೋಸ್ ಹೋಗಬೇಕು ಅನ್ನೋದು ನಿಯಮ.

"ಇಷ್ಟೊಂದು ರಕ್ತ ಯಾಕೆ ತೆಗೀತೀರಾ" ಅಂತ ಜಗಳ ಆಡೋರು ಇದಾರೆ, ನಮ್ಮ ಹೊಟ್ಟೇನೂ ಉರಿಯತ್ತೆ ಆ ಪುಟ್ಟ ಕೈ ನೋಡಿದ್ರೆ. ಆದ್ರೆ ರಕ್ತ ಕಮ್ಮಿ ತೆಗೆದ್ರೆ ಬಾಟಲೀಲಿ ಕ್ರಿಮಿ ಸಿಗದೇ ಹೋಗಬಹುದು, ಆಗ ನೆಗೆಟಿವ್ ಅಂತ ಬರತ್ತೆ, ನಾವು ಕತ್ತಲಲ್ಲಿ ಕಲ್ಲು ಹೊಡೀತಿರ್ತೀವಿ.

ಎಸ್, ಐ, ಆರ್ ಅಂತ ಬರ್ದಿದೆ. ಎಸ್ ಇರೋದ್ರಲ್ಲಿ ಎಲ್ಲಕ್ಕಿಂತ ಪವರ್‌ಫುಲ್ ಕೊಡಿ ಅಂತ ಕೇಳಬಹುದಾ?

ಎಸ್ ಅಂದ್ರೆ ಔಷಧಿ ಕೆಲಸ ಮಾಡತ್ತೆ, ಆರ್ ಅಂದ್ರೆ ಮಾಡಲ್ಲ, ಐ ಅಂದ್ರೆ ಡೋಸ್ ಜಾಸ್ತಿ ಮಾಡಿದ್ರೆ ಅಥವಾ ಔಷಧಿ ಚೆನ್ನಾಗಿ ಸೇರೋ ಜಾಗದಲ್ಲಿ ಇನ್ಫೆಕ್ಷನ್ ಇದ್ರೆ ಮಾಡಬಹುದು. ಪವರ್‌ಫುಲ್ ಅನ್ನೋ ಮಾತೇ ನನಗೆ ಆಗಲ್ಲ. ಎರಡು ಎಸ್ ಇದ್ರೆ ಚಿಕ್ಕದೇ ಒಳ್ಳೇದು, ಕ್ರಿಮಿಗೆ ಸರಿಯಾಗಿ ಗುರಿ ಇಟ್ಟು ಹೊಡೆಯೋದು, ಉಳಿದ ಬ್ಯಾಕ್ಟೀರಿಯಾನ ಬಿಡೋದು. ಇನ್ನೊಂದು ಮಾತು, ಎಲ್ಲ ಔಷಧಿ ಎಲ್ಲ ಕಡೆ ಹೋಗಲ್ಲ. ರಕ್ತದಲ್ಲಿ ಎಸ್ ಇರೋದು ಮೆದುಳಿನ ಪೊರೆಗೆ ಇಳಿಯದೇ ಇರಬಹುದು. ಅದಕ್ಕೇ ರಿಪೋರ್ಟ್ ಹಿಡ್ಕೊಂಡು ಗೂಗಲ್ ಮಾಡಿ ಔಷಧಿ ಆರಿಸೋದು ಬೇಡ.

ಯಾವ ಔಷಧಿನೂ ಕೆಲಸ ಮಾಡಲ್ವಂತೆ, ಹಾಗಾದ್ರೆ ಟ್ರೀಟ್ಮೆಂಟೇ ಇಲ್ವಾ?

"ಯಾವುದೂ ಇಲ್ಲ" ಅನ್ನೋ ಪರಿಸ್ಥಿತಿ ಇನ್ನೂ ಅಪರೂಪ, ಆದ್ರೆ "ಇರೋದು ಒಂದೋ ಎರಡೋ, ಅದೂ ಅಷ್ಟು ಒಳ್ಳೇದಲ್ಲ" ಅನ್ನೋದು ಅಪರೂಪ ಅಲ್ಲ. ಕೊಲಿಸ್ಟಿನ್ ಹೆಸರು ಕೇಳಿರ್ತೀರಿ. 1950ರ ದಶಕದ ಔಷಧಿ, ಕಿಡ್ನಿಗೆ ಪೆಟ್ಟು ಕೊಡತ್ತೆ ಅಂತ ಮೂಲೆಗೆ ತಳ್ಳಿದ್ರು, ಬೇರೆ ಏನೂ ಉಳಿದಿಲ್ಲ ಅಂತಾದ ಮೇಲೆ ಧೂಳು ಕೊಡವಿ ಮತ್ತೆ ತಂದ್ರು. 2015ರಲ್ಲಿ ಚೀನಾದಿಂದ ಎಮ್‌ಸಿಆರ್-1 ಅನ್ನೋ ಜೀನ್ ವರದಿ ಆಯ್ತು, ಪ್ಲಾಸ್ಮಿಡ್ ಮೇಲೆ ಸವಾರಿ ಮಾಡೋ ಜೀನು, ಕೊಲಿಸ್ಟಿನ್‌ಗೂ ರೆಸಿಸ್ಟೆನ್ಸ್ ದಾಟಿಸತ್ತೆ.

ಹೊಸದರಲ್ಲಿ ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ ಇದೆ. ಅಮೆರಿಕದಲ್ಲಿ ದೊಡ್ಡೋರಿಗೆ 2015ರಲ್ಲೇ ಒಪ್ಪಿಗೆ ಸಿಕ್ತು, ಮೂರು ತಿಂಗಳು ಮೇಲ್ಪಟ್ಟ ಮಕ್ಕಳಿಗೆ ಸಿಕ್ಕಿದ್ದು 2019ರಲ್ಲಿ. ನೋಡಿ, ನಾಲ್ಕು ವರ್ಷ. ಹೊಸ ಆಂಟಿಬಯೋಟಿಕ್ ಯಾವಾಗಲೂ ಮೊದಲು ದೊಡ್ಡೋರ ಮೇಲೆ ಟ್ರಯಲ್ ಆಗತ್ತೆ, ಮಕ್ಕಳ ಸರದಿ ಆಮೇಲೆ, ನವಜಾತ ಶಿಶುಗಳದ್ದು ಎಲ್ಲರಿಗಿಂತ ಕೊನೇಗೆ, ಯಾರಿಗೆ ಹೆಚ್ಚು ಬೇಕೋ ಅವ್ರಿಗೇ ತಡ. ಇದು ನನ್ನ ದೊಡ್ಡ ಸಂಕಟ, ಹೇಳಿಬಿಟ್ಟೆ. ಅದೂ ಕಾರ್ಬಪೆನೆಮ್‌ನೂ ತುಂಡು ಮಾಡೋ ಎನ್‌ಡಿಎಮ್ ಅನ್ನೋ ಕಿಣ್ವ ಇರೋ ಕ್ರಿಮಿಗೆ ಈ ಸೆಫ್ಟಾಜಿಡಿಮ್-ಅವಿಬ್ಯಾಕ್ಟಮ್ ಒಂದೇ ಸಾಲಲ್ಲ, ಜೊತೆಗೆ ಅಜ್ಟ್ರಿಯೋನಾಮ್ ಕೊಡ್ತಾರೆ. ದೊಡ್ಡೋರಿಗೆ ಕೊಡೋ ಟೈಗೆಸೈಕ್ಲಿನ್ ಚಿಕ್ಕ ಮಕ್ಕಳ ಹಲ್ಲಿನ ಬಣ್ಣ ಕೆಡಿಸಬಹುದು, ಬೇರೆ ದಾರಿ ಇಲ್ಲದಿದ್ರೆ ಮಾತ್ರ. ಎಮ್‌ಆರ್‌ಎಸ್‌ಎಗೆ ವ್ಯಾಂಕೊಮೈಸಿನ್, ಲಿನೆಜೊಲಿಡ್ ಇವೆ. ವ್ಯಾಂಕೊಮೈಸಿನ್ ಕೊಡೋವಾಗ ರಕ್ತದಲ್ಲಿ ಅದರ ಮಟ್ಟ, ಕಿಡ್ನಿ ಟೆಸ್ಟು ಪದೇ ಪದೇ ನೋಡ್ತಾರೆ, ಮತ್ತೆ ರಕ್ತ ತೆಗೀತಾರಲ್ಲ ಅಂತ ಬೇಜಾರು ಮಾಡ್ಕೋಬೇಡಿ.

ಔಷಧಿ ಒಂದೇ ಟ್ರೀಟ್ಮೆಂಟ್ ಅಲ್ಲ. ಕೀವಿದ್ರೆ ತೆಗೀಬೇಕು, ಇನ್ಫೆಕ್ಟ್ ಆದ ಲೈನ್ ತೆಗೀಬೇಕು, ಬಿಪಿ ಉಸಿರು ಮೂತ್ರ ಎಲ್ಲಾನೂ ಹಿಡಿದು ನಿಲ್ಲಿಸಬೇಕು. ಕ್ರಿಮಿ ಜೊತೆ ಕೊನೆಗೆ ಹೊಡೆದಾಡೋದು ಮಗುವಿನ ಮೈಯೇ, ನಾವು ಅದಕ್ಕೆ ಸಮಯ ತಂದುಕೊಡ್ತೀವಿ.

ಚೆನ್ನಾಗಿ ಕೆಲಸ ಮಾಡ್ತಿದ್ದ ಇಂಜೆಕ್ಷನ್ ನಿಲ್ಲಿಸಿ ಚಿಕ್ಕದು ಕೊಟ್ರು. ಕೈ ಬಿಟ್ರಾ?

ಇಲ್ಲ, ಇದು ಒಳ್ಳೇ ಸುದ್ದಿ. ಮೊದಲು ಗೊತ್ತಿಲ್ಲದೆ ದೊಡ್ಡ ಬಲೆ ಬೀಸಿರ್ತಾರೆ, ರಿಪೋರ್ಟ್ ಬಂದ ಮೇಲೆ ಬೇಡದ್ದು ನಿಲ್ಲಿಸ್ತಾರೆ. ಕಲ್ಚರ್ ನೆಗೆಟಿವ್, ಮಗು ಚೆನ್ನಾಗಿದೆ ಅಂದ್ರೆ ಪೂರ್ತಿನೂ ನಿಲ್ಲಿಸಬಹುದು. ನಿಲ್ಲಿಸೋಕೆ ಶುರು ಮಾಡೋದಕ್ಕಿಂತ ಧೈರ್ಯ ಜಾಸ್ತಿ ಬೇಕು.

ಸ್ವಾಬ್ ಪಾಸಿಟಿವ್ ಬಂತು, ಆದ್ರೂ ಔಷಧಿ ಕೊಡ್ತಿಲ್ಲ. ಯಾಕೆ?

ಕ್ರಿಮಿ ಮೈಮೇಲೆ ಇರೋದು ಬೇರೆ, ರೋಗ ಮಾಡೋದು ಬೇರೆ. ಮೂಗಲ್ಲಿ, ಗುದದ್ವಾರದ ಸ್ವಾಬಲ್ಲಿ, ಗಂಟಲ ಟ್ಯೂಬಿನ ಕಫದಲ್ಲಿ ಬೆಳೀತು ಅಂದ್ರೆ ಅದು ಅಲ್ಲಿ ವಾಸ ಇದೆ ಅಂತಷ್ಟೇ, ಇದನ್ನ ಕಾಲೊನೈಸೇಶನ್ ಅಂತಾರೆ. ಮಗುವಿಗೆ ಜ್ವರ ಇಲ್ಲ, ಎಕ್ಸ್‌ರೇ ಬದಲಾಗಿಲ್ಲ, ಆಕ್ಸಿಜನ್ ಜಾಸ್ತಿ ಬೇಕಾಗಿಲ್ಲ ಅಂದ್ರೆ ಸುಮ್ನಿರೋದೇ ಸರಿ, ಆಗ ಔಷಧಿ ಕೊಟ್ರೆ ಇದಕ್ಕಿಂತ ಗಟ್ಟಿ ಕ್ರಿಮಿನ ಕರೆದು ಕೂರಿಸಿದಂಗೆ. ಆದ್ರೆ ಬೇರೆ ಮಕ್ಕಳಿಗೆ ದಾಟಬಹುದು, ಹಾಗಾಗಿ ಬೆಡ್ ಬೇರೆ ಮಾಡ್ತಾರೆ.

ಗೌನ್ ಗ್ಲೌಸ್ ಹಾಕಿ ದೂರ ಇಟ್ಬಿಟ್ಟಿದಾರೆ. ಮಗುನ ಮುಟ್ಟಬಹುದಾ? ಎದೆಹಾಲು?

ಮುಟ್ಟಿ. ದಯವಿಟ್ಟು ಮುಟ್ಟಿ. ಐಸೊಲೇಶನ್ ಇರೋದು ಕ್ರಿಮಿಗೆ, ನಿಮ್ಮ ಮಗುವಿಗೆ ಅಲ್ಲ. ಸ್ಯಾನಿಟೈಸರ್ ಹಾಕಿ ಕೈ ರಬ್ ಮಾಡಿ, ಹೇಳಿದಂಗೆ ಗೌನ್ ಹಾಕಿ, ಕೂತು ಮಾತಾಡಿ, ಒಳಗೆ ಏನು ಮಾಡ್ಬೇಕು ಏನು ಮಾಡ್ಬಾರ್ದು ಅಂತ ನಮ್ಮನ್ನ ಕೇಳಿ. ಬರೋವಾಗ ಗೌನ್ ಅಲ್ಲೇ ತೆಗೆದು ಮತ್ತೆ ಕೈ ರಬ್ ಮಾಡಿ. ಬೇರೆ ಬೆಡ್ಡಿನ ಮಗುನ "ಪಾಪ ಅಳ್ತಿದೆ" ಅಂತ ಎತ್ಕೊಳ್ಳೋಕೆ ಮಾತ್ರ ಹೋಗಬೇಡಿ, ಮನಸ್ಸು ಒಳ್ಳೇದೇ, ಆದ್ರೆ ಕೈಗೆ ಅದು ಗೊತ್ತಾಗಲ್ಲ.

ಎದೆಹಾಲು ಔಷಧಿ ಇದ್ದಂಗೆ. ತಿಂಗಳು ತುಂಬದ ಕೂಸುಗಳಲ್ಲಿ ಅಮ್ಮನ ಹಾಲು, ಎದೆಗೆ ಒತ್ತಿ ಇಟ್ಕೊಳ್ಳೋ ಕಾಂಗರೂ ಆರೈಕೆ ಎರಡೂ ಇನ್ಫೆಕ್ಷನ್ ಕಮ್ಮಿ ಮಾಡ್ತವೆ. ಹಾಲು ಹಿಂಡೋ ಮುಂಚೆ ಕೈ ತೊಳೀರಿ, ಪಂಪಿನ ಭಾಗ ಪ್ರತಿ ಸಲ ತೊಳೆದು ಪೂರ್ತಿ ಒಣಗಿಸಿ.

ನಾವು ಕೈಕಟ್ಟಿ ಕೂತಿದೀವಿ ಅನ್ಸತ್ತೆ. ಮಾಡೋಕೆ ಏನಾದ್ರೂ ಇದೆಯಾ?

ಇದೆ, ಮತ್ತೆ ಅದು ಸಮಾಧಾನಕ್ಕೆ ಹೇಳೋ ಮಾತಲ್ಲ.

ಕೈ ಮೊದಲು. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೇಲಿ ಇಗ್ನಾಜ್ ಸೆಮ್ಮೆಲ್‌ವೈಸ್ ಅನ್ನೋ ಡಾಕ್ಟ್ರು ಎಲ್ಲರೂ ಕ್ಲೋರಿನ್ ನೀರಲ್ಲಿ ಕೈ ತೊಳೀಬೇಕು ಅಂತ ಮಾಡಿದಾಗ ಬಾಣಂತಿಯರ ಸಾವು ಇಳೀತು, ಆದ್ರೂ ಜೊತೆಯ ಡಾಕ್ಟ್ರುಗಳಲ್ಲಿ ಎಷ್ಟೋ ಜನ ಒಪ್ಪಲಿಲ್ಲ. ಇವತ್ತೂ ನಾವು ಅದೇ ಮಾತಿಗೆ ಜಗಳ ಆಡ್ತಿದೀವಿ. ಹ್ಯಾಂಡ್ ರಬ್ ಆದ್ರೆ 20ರಿಂದ 30 ಸೆಕೆಂಡ್, ಸೋಪು ನೀರಾದ್ರೆ 40ರಿಂದ 60 ಸೆಕೆಂಡ್, ಹೆಬ್ಬೆರಳು ಮತ್ತೆ ಉಗುರಿನ ತುದಿ ಎಲ್ಲರೂ ಮರೀತಾರೆ. ಉಂಗುರ, ಬಳೆ, ವಾಚು ತೆಗೆದಿಡಿ. ಕೈ ಕೊಳೆ ಆಗಿದ್ರೆ, ಇಲ್ಲಾ ಸಿ. ಡಿಫಿಸಿಲ್ ಅನ್ನೋ ಭೇದಿ ಇದ್ರೆ ರಬ್ ಸಾಕಾಗಲ್ಲ, ಅದರ ಸ್ಪೋರ್, ಅಂದ್ರೆ ಗಟ್ಟಿ ಚಿಪ್ಪಿನ ಬೀಜದಂಥ ರೂಪ, ಆಲ್ಕೋಹಾಲಿಗೆ ಸಾಯಲ್ಲ, ಸೋಪಲ್ಲೇ ತೊಳೀಬೇಕು.

ಮೊಬೈಲ್. ಶುದ್ಧವಾಗಿ ಕೈ ರಬ್ ಮಾಡಿ ಒಳಗೆ ಬರ್ತಾರೆ, ಫೋನ್ ರಿಂಗ್ ಆಗತ್ತೆ, ಜೇಬಿಂದ ತೆಗೆದು ಮಾತಾಡಿ, ಅದೇ ಕೈಯಲ್ಲಿ ಮಗುವಿನ ಬಾಯಿ ಒರೆಸ್ತಾರೆ. ದಿನಕ್ಕೆ ಹತ್ತು ಸಲ ನೋಡ್ತೀನಿ. ಫೋನ್ ಹೊರಗಿಡಿ, ಇಲ್ಲಾ ಮುಟ್ಟಿದ ಮೇಲೆ ಮತ್ತೆ ಕೈ ರಬ್ ಮಾಡಿ.

ಆಮೇಲೆ ಬಾಗಿಲುಗಳನ್ನ ಕಾಯೋದು. ಸೆಂಟ್ರಲ್ ಲೈನಿನ ಹೊರ ತುದಿಗೆ ಹಬ್ ಅಂತೀವಿ, ಔಷಧಿ ಅದರ ಮೂಲಕ ಹೋಗೋದು. ಸಿರಿಂಜ್ ಚುಚ್ಚೋ ಮುಂಚೆ ಆ ಬೆರಳ ತುದಿಯಷ್ಟು ಜಾಗನ ಆಲ್ಕೋಹಾಲ್ ಸ್ವಾಬಲ್ಲಿ ಉಜ್ಜಬೇಕು, ನಮ್ಮಲ್ಲಿ 15 ಸೆಕೆಂಡ್, ಆಮೇಲೆ ಒಣಗೋಕೆ ಬಿಡಬೇಕು. 15 ಸೆಕೆಂಡ್ ಎಷ್ಟು ಉದ್ದ ಅಂತ ರಾತ್ರಿ ಡ್ಯೂಟೀಲಿ ಎರಡು ಅಲಾರಂ ಒಟ್ಟಿಗೆ ಹೊಡೆಯೋವಾಗ ಉಜ್ಜಿ ನೋಡಿದೋರಿಗೇ ಗೊತ್ತು. ನಾನೂ ಒಂದು ರಾತ್ರಿ ಎರಡು ಸಲ ಸುಮ್ನೆ ಒರೆಸಿ ಚುಚ್ಚೋಕೆ ಹೋಗಿದ್ದೆ, ಪಕ್ಕದಲ್ಲಿ ಕೂತಿದ್ದ ಒಂದು ಮಗುವಿನ ಅಜ್ಜಿ "ನಿನ್ನೆ ಬಂದಿದ್ದ ಹುಡುಗಿ ಎಣಿಸ್ಕೊಂಡು ಉಜ್ಜುತಿದ್ಲಮ್ಮಾ" ಅಂದ್ರು. ಮುಖ ಕೆಂಪಾಯ್ತು. ಹೊಸ ಸ್ವಾಬ್ ತೆಗೆದು ಎಣಿಸಿಕೊಂಡು ಉಜ್ಜಿದೆ. ಅಜ್ಜಿಗೆ ಥ್ಯಾಂಕ್ಸ್ ಹೇಳೋಕೆ ಎರಡು ದಿನ ಬೇಕಾಯ್ತು ನಂಗೆ, ಸೊಕ್ಕು ನೋಡಿ.

ಲೈನ್ ಮೇಲಿನ ಪಾರದರ್ಶಕ ಡ್ರೆಸ್ಸಿಂಗ್ ನೋಡ್ತಿರಿ. ಮೂಲೆ ಎದ್ದಿದೆಯಾ, ಒಳಗೆ ಒದ್ದೆ ಇದೆಯಾ, ರಕ್ತ ಇದೆಯಾ, ಸುತ್ತ ಕೆಂಪಾಗಿದೆಯಾ, ಕಂಡ ತಕ್ಷಣ ಹೇಳಿ, ನೀವೇ ಒತ್ತಿ ಅಂಟಿಸೋಕೆ ಹೋಗಬೇಡಿ. ವೆಂಟಿಲೇಟರ್ ಮಗು ಆದ್ರೆ ಬೇರೆ ಕಾರಣಕ್ಕೆ ಡಾಕ್ಟ್ರು ಬೇಡ ಅಂದಿಲ್ಲ ಅಂದ್ರೆ ತಲೆ ಕಡೆ 30ರಿಂದ 45 ಡಿಗ್ರಿ ಎತ್ತರ ಇರಬೇಕು, ಬಾಯಿ ಸ್ವಚ್ಛ ಮಾಡ್ತಿರಬೇಕು.

ಎಲ್ಲಕ್ಕಿಂತ ದೊಡ್ಡದು ದಿನಾ ರೌಂಡ್ಸಲ್ಲಿ ಕೇಳಬೇಕಾದ ಒಂದು ಪ್ರಶ್ನೆ: "ಡಾಕ್ಟ್ರೇ, ಈ ಲೈನ್ ಇವತ್ತೂ ಬೇಕಾ?" ಗಂಟಲ ಟ್ಯೂಬಿಗೂ ಅದೇ, ಮೂತ್ರದ ಕ್ಯಾಥೆಟರಿಗೂ ಅದೇ. ಮುಚ್ಚಿದ ಬಾಗಿಲಿಂದ ಕಳ್ಳ ಬರಲ್ಲ. ಅಮೆರಿಕದ ಮಿಶಿಗನ್‌ನಲ್ಲಿ ಪೀಟರ್ ಪ್ರೊನೊವೊಸ್ಟ್ ಮತ್ತೆ ಅವ್ರ ತಂಡ ನೂರಕ್ಕೂ ಹೆಚ್ಚು ಐಸಿಯುಗಳಲ್ಲಿ ಐದೇ ಐದು ಕೆಲಸ ತಪ್ಪದೆ ಮಾಡಿಸಿದ್ರು: ಕೈ ತೊಳೆಯೋದು, ಲೈನ್ ಹಾಕೋವಾಗ ಪೂರ್ತಿ ಗೌನು ಹೊದಿಕೆ, ಚರ್ಮಕ್ಕೆ ಕ್ಲೋರ್‌ಹೆಕ್ಸಿಡಿನ್ ಅನ್ನೋ ಕ್ರಿಮಿನಾಶಕ, ಆದಷ್ಟು ತೊಡೆಸಂದಿ ಬಿಡೋದು, ಬೇಡವಾದ ಲೈನ್ ಕಿತ್ತುಹಾಕೋದು. 2006ರಲ್ಲಿ ಫಲಿತಾಂಶ ಬಂತು, ಒಂದೂವರೆ ವರ್ಷದಲ್ಲಿ ಲೈನ್ ಇನ್ಫೆಕ್ಷನ್ ಮೊದಲಿಗಿಂತ 66% ತನಕ ಕಮ್ಮಿ ಆಗಿತ್ತು. ಹೊಸ ಔಷಧಿ ಒಂದೂ ಇಲ್ಲ ಅದರಲ್ಲಿ. ಅವು ಬಹುಪಾಲು ದೊಡ್ಡೋರ ಐಸಿಯು, ಮಕ್ಕಳಲ್ಲಿ ಲೈನ್ ಹಾಕಿದ ಮೇಲಿನ ಆರೈಕೆಗೇ, ಅಂದ್ರೆ ಆ ಹಬ್ಬು ಡ್ರೆಸ್ಸಿಂಗಿಗೇ ಹೆಚ್ಚು ತೂಕ. ತಿಂಗಳು ತುಂಬದ ಕೂಸುಗಳಿಗೆ ಕ್ಲೋರ್‌ಹೆಕ್ಸಿಡಿನ್ ಚರ್ಮ ಸುಡಬಹುದು, ಅಲ್ಲಿ ಲೆಕ್ಕ ಬೇರೆ.

ಕೇಳಿದ್ರೆ ಸ್ಟಾಫಿಗೆ ಕೋಪ ಬಂದು ಮಗುನ ಸರಿಯಾಗಿ ನೋಡ್ಕೊಳ್ಳದೇ ಇದ್ರೆ?

ಎಲ್ಲರಿಗೂ ಇರೋ ಭಯ ಇದು. ತಪ್ಪು ಹಿಡಿಯೋ ದನಿ ಬೇಡ, "ಸಿಸ್ಟರ್, ಬೇಜಾರು ಮಾಡ್ಕೋಬೇಡಿ, ಕೈ ರಬ್ ಆಯ್ತಾ?" ಅಂದ್ರೆ ಸಾಕು. ಮುಖ ಗಂಟು ಹಾಕೋರು ಇರ್ತಾರೆ, ಹಾಕ್ಕೊಳ್ಳಲಿ, ಕೈ ಮಾತ್ರ ರಬ್ ಮಾಡೇ ಮಾಡ್ತಾರೆ.

ಮಗು ಕೆಡ್ತಿದೆ ಅಂತ ನಮಗೆ ಗೊತ್ತಾಗೋ ಲಕ್ಷಣ ಏನಾದ್ರೂ ಇದೆಯಾ?

ಉಸಿರು ಜೋರಾಗೋದು, ಎದೆ ಬಡಿತ ಏರೋದು, ಕೈಕಾಲು ತಣ್ಣಗಾಗಿ ಬಣ್ಣ ಬಾಡೋದು, ಚರ್ಮದ ಮೇಲೆ ಚಿತ್ತಾರದ ತರ ನೀಲಿ ಮಚ್ಚೆ, ಡಯಾಪರ್ ಒಣಗಿರೋದು, ಹಾಲು ತಗೊಳ್ಳದೇ ಇರೋದು, ಅಳು ಕೂಡ ಸಣ್ಣಗಾಗೋದು. ಬೆರಳ ತುದಿ ಒತ್ತಿ ಬಿಟ್ರೆ ಎರಡು ಸೆಕೆಂಡಲ್ಲಿ ಬಣ್ಣ ವಾಪಸ್ ಬರಬೇಕು, ಮೂರಕ್ಕಿಂತ ಜಾಸ್ತಿ ಆದ್ರೆ ಕೂಗಿ. ಎಳೆಗೂಸಿಗೆ ಜ್ವರ ಬರಬೇಕು ಅಂತೇನಿಲ್ಲ, ಮೈ ತಣ್ಣಗಾಗೋದೂ ಅಷ್ಟೇ ಕೆಟ್ಟದ್ದು. ಬಿಪಿ ಸರಿ ಇದೆಯಲ್ಲ ಅಂತ ಸುಮ್ನಿರೋಕಾಗಲ್ಲ, ಮಕ್ಕಳಲ್ಲಿ ಬಿಪಿ ಬೀಳೋದು ಕೊನೇಗೆ. ಮಾನಿಟರ್ ಏನೂ ಹೇಳದಿದ್ರೂ "ಇವನು ಯಾವತ್ತಿನ ತರ ಇಲ್ಲ" ಅಂತ ಅಮ್ಮ ಹೇಳಿದ್ರೆ ನಾನು ಎದ್ದು ಹೋಗಿ ನೋಡ್ತೀನಿ.

ಬದುಕುತ್ತಾ?

ಇದಕ್ಕೆ ನಂಬರ್ ಕೊಡಲ್ಲ, ಕೊಟ್ಟೋರನ್ನ ನಂಬಬೇಡಿ. ಯಾವ ಕ್ರಿಮಿ, ಸರಿಯಾದ ಔಷಧಿ ಎಷ್ಟು ಬೇಗ ಸಿಕ್ತು, ಮಗುವಿನ ಮೂಲ ಕಾಯಿಲೆ ಏನು, ಎಷ್ಟು ಅಂಗಗಳಿಗೆ ಪೆಟ್ಟಾಗಿದೆ, ಇದರ ಮೇಲೆ ಹೋಗತ್ತೆ. ಸಮಸ್ಯೆ ಚಿಕ್ಕದಲ್ಲ. 2019ರಲ್ಲಿ ಜಗತ್ತಿನಾದ್ಯಂತ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾದಿಂದಲೇ ಸುಮಾರು 12.7 ಲಕ್ಷ ಜನ ಸತ್ರು ಅಂತ 2022ರಲ್ಲಿ ಬಂದ ದೊಡ್ಡ ಅಧ್ಯಯನ ಅಂದಾಜು ಮಾಡಿತ್ತು, ಅದರಲ್ಲಿ ಐದರಲ್ಲಿ ಒಂದು ಸಾವು ಐದು ವರ್ಷದೊಳಗಿನ ಮಕ್ಕಳದ್ದು. ಹಾಗಂತ ಕಾರ್ಬಪೆನೆಮ್ ರೆಸಿಸ್ಟೆಂಟ್ ಅಂತ ಚೀಟಿ ಅಂಟಿಸಿದ ಬೆಡ್ಡಿಂದ ಎದ್ದು ಹೋದ ಮಕ್ಕಳನ್ನ ನಾನು ಕಣ್ಣಾರೆ ನೋಡಿದೀನಿ, ಒಬ್ಬಳು ಹೋಗೋವಾಗ ನನ್ನ ಪೆನ್ನು ಕದ್ಕೊಂಡು ಹೋದ್ಲು.

ಮನೆಗೆ ಹೋದ ಮೇಲೆ? ಬೇರೆ ಮಕ್ಕಳಿಗೆ ಅಂಟತ್ತಾ?

ಆರೋಗ್ಯವಾಗಿರೋ ಅಣ್ಣ ತಂಗಿಗೆ ತೊಂದರೆ ಆಗೋದು ತುಂಬಾ ಕಮ್ಮಿ. ಬೇರೆ ತಟ್ಟೆ, ಬೇರೆ ಕೋಣೆ, ಯಾರೂ ಮುಟ್ಟಬಾರದು ಅನ್ನೋದೆಲ್ಲ ಬೇಡ. ಶೌಚಕ್ಕೆ ಹೋಗಿ ಬಂದ ಮೇಲೆ, ಡಯಾಪರ್ ಬದಲಾಯಿಸಿದ ಮೇಲೆ, ಊಟಕ್ಕೆ ಮುಂಚೆ ಸೋಪು, ಅಷ್ಟೇ. ಮನೇಲಿ ಕೀಮೋ ತಗೊಳ್ತಿರೋರು, ತೀರಾ ಎಳೆಗೂಸು ಇದ್ರೆ ಡಾಕ್ಟ್ರನ್ನ ಕೇಳ್ಕೊಳ್ಳಿ. ಲೈನ್ ಇಟ್ಕೊಂಡೇ ಮನೆಗೆ ಹೋಗ್ತಿದ್ರೆ ಜ್ವರ ಬಂದ್ರೆ ಬೆಳಗಾಗೋವರೆಗೂ ಕಾಯಬೇಡಿ, ಆಗಲೇ ಹೊರಡಿ.

ಕ್ರಿಮಿ ಕರುಳಲ್ಲಿ ತಿಂಗಳುಗಟ್ಟಲೆ ಉಳ್ಕೋಬಹುದು. ಹಾಗಾಗಿ ಡಿಸ್ಚಾರ್ಜ್ ದಿನ ಕಲ್ಚರ್ ರಿಪೋರ್ಟಿನ ಕಾಪಿ ಕೇಳಿ ತಗೊಳ್ಳಿ, ಮೊಬೈಲಲ್ಲಿ ಫೋಟೋ ತೆಗೆದಿಡಿ. ಮುಂದೆ ಯಾವತ್ತಾದ್ರೂ ಅಡ್ಮಿಟ್ ಮಾಡೋ ಹಾಗಾದ್ರೆ ಎಮರ್ಜೆನ್ಸಿ ಬಾಗಿಲಲ್ಲೇ ತೋರಿಸಿ, ಅವ್ರು ಕೇಳೋವರೆಗೂ ಕಾಯಬೇಡಿ, ಎರಡು ದಿನ ಕತ್ತಲಲ್ಲಿ ಕಲ್ಲು ಹೊಡೆಯೋದು ತಪ್ಪತ್ತೆ.